ಅವ್ವ ಕೇಳಿದ ನಾಲ್ಕು ತಂಗಡಿ ಹೂ

2019ರ ದೀಪಾವಳಿ. ಪಾಡ್ಯದ ಹಿಂದಿನ ಸಂಜೆ ನಾನು ಬಾಗಿಲಿಗೆ ರಂಗೋಲಿ ಬಿಡುತ್ತಿದ್ದೆ. ಅವ್ವ ಒಳಗಿನಿಂದ ಬಂದು ಹೊಸಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳಿಕ್ಕೆ ನಾಲ್ಕು ತಂಗಡಿ ಹೂ ಬೇಕಿತ್ತಲ್ಲೇ, ಇಲ್ಲೆಲ್ಲಾದ್ರೂ ಸಿಗ್ತಾವಾ?" ಅಂದಳು.

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ದೀಪಾವಳಿ ಪಾಡ್ಯದ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಗಣಿಯ ಪುಟ್ಟ ಪುಟ್ಟ ಗುಪ್ಪೆ ಮಾಡಿ, ಅದರ ನೆತ್ತಿಗೆ ತಂಗಡಿ ಹೂ, ಅಣ್ಣೆ ಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸಿಲ ಎರಡೂ ಬದಿಗೆ ಇಡುತ್ತಾರೆ. ಊರಲ್ಲಿ ಇದಕ್ಕೆ ಯಾರೂ ದುಡ್ಡು ಕೊಟ್ಟು ಹೂ ತಂದಿದ್ದು ನಾನು ಕಂಡಿಲ್ಲ. ಹೊಲದ ಬದುವಿಗೆ ಹೋದರೆ ಮಡಿಲು ತುಂಬ ಸಿಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಶೇಂಗಾ ಹೊಲವನ್ನು ಕೋರಿಗೆ ಕೊಟ್ಟು ಅವ್ವ ಹೈದರಾಬಾದಿಗೆ, ನನ್ನ ಮನೆಗೆ ಬಂದಿದ್ದಳು. ಅದು ಅವಳಿಗೆ ಇಲ್ಲಿನ ಮೊದಲ ದೀಪಾವಳಿ. ಹಾಲಿನವನಿಗೆ ಹೇಳಿ ಸಗಣಿಯನ್ನೇನೋ ತರಿಸಿದ್ದೆ. ಹೂವಿನ ವಿಷಯ ನನಗೆ ಹೊಳೆದೇ ಇರಲಿಲ್ಲ.

ಸ್ಕೂಟರ್ ತೆಗೆದುಕೊಂಡು ಹೊರಟೆ. ನಮ್ಮ ಬಡಾವಣೆ ಸುತ್ತಿದೆ, ರಿಂಗ್ ರೋಡಿನ ಪಕ್ಕದ ಖಾಲಿ ಸೈಟುಗಳನ್ನು ನೋಡಿದೆ, ಸಂತೆಯಲ್ಲಿ ಹೂ ಮಾರುವವರನ್ನು ಕೇಳಿದೆ. "ತಂಗೇಡು ಬತುಕಮ್ಮಕ್ಕೆ ಬರುತ್ತೆ, ಈಗೆಲ್ಲಿಂದ ತರೋದು ಮೇಡಂ" ಅಂದರು. ಬತುಕಮ್ಮ ಮುಗಿದು ಮೂರು ವಾರವಾಗಿತ್ತು. ಅರ್ಧ ಕೆಜಿ ಚೆಂಡು ಹೂ ತಂದು ಅವ್ವನ ಮುಂದಿಟ್ಟೆ. ಅವಳೇನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಸಗಣಿ ಗುಪ್ಪೆಯ ಮೇಲೆ ಚೆಂಡು ಹೂವೇ ಇತ್ತು. ಬೈದಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಬೇಸರಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವ್ವನಿಗೆ ಹೇಳಿರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ನಾವು ಈ ಸೈಟು ನೋಡಲು ಬಂದಾಗ ಇಲ್ಲಿ ತಂಗಡಿಯೇ ತುಂಬಿತ್ತು. ಹೈದರಾಬಾದಿನಲ್ಲಿ ಹೊಸ ಬಡಾವಣೆಗೆ 'ವೆಂಚರ್' ಅನ್ನುತ್ತಾರೆ. ವೆಂಚರ್‌ನ ಏಜೆಂಟ್ ನಕ್ಷೆ ಬಿಡಿಸಿ ಕ್ಲಬ್ ಹೌಸ್ ಎಲ್ಲಿ, ಪಾರ್ಕ್ ಎಲ್ಲಿ ಅಂತ ತೋರಿಸುತ್ತಿದ್ದರೆ ನಾನು ಕಲ್ಲುಬಂಡೆಗಳ ನಡುವೆ ಸೊಂಟದೆತ್ತರಕ್ಕೆ ಹಳದಿ ಹಾಸಿದ್ದ ಗಿಡಗಳನ್ನೇ ನೋಡುತ್ತಿದ್ದೆ. ತೆಲಂಗಾಣ ರಾಜ್ಯವಾಗಿ ಆಗಿನ್ನೂ ನಾಲ್ಕು ತಿಂಗಳು. ಅದೇ ವರ್ಷ ಈ ಹೂವನ್ನು ರಾಜ್ಯದ ಹೂವೆಂದು ಘೋಷಿಸಿದರು. ಮುಂದಿನ ಬೇಸಿಗೆಗೆ ಜೆಸಿಬಿ ಬಂತು. 200 ಗಜದ ನಮ್ಮ ಸೈಟಿಗೆ ನಾವು ಮುಂಗಡ ಕೊಟ್ಟಿದ್ದೇ ಅದನ್ನು ಕೆರೆದು ಸಮ ಮಾಡಿಕೊಡಿ ಅಂತ. ಹಾಗಾಗಿ, ಇಲ್ಲೆಲ್ಲಾದರೂ ಸಿಗುತ್ತಾ ಅಂತ ಅವ್ವ ಕೇಳಿದಾಗ ಸಿಗುವುದಿಲ್ಲ ಯಾಕೆ ಅನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ತಂಗಡಿ, ಆವರಿಕೆ, ಹೊನ್ನಾವರಿಕೆ

ಓದುಗರಲ್ಲಿ ಹಲವರಿಗೆ ಈ ಗಿಡ ಬೇರೆ ಹೆಸರಿನಲ್ಲಿ ಗೊತ್ತಿರಬಹುದು. ಕನ್ನಡದಲ್ಲೇ ತಂಗಡಿ, ತಂಗಟೆ, ಆವರಿಕೆ, ಹೊನ್ನಾವರಿಕೆ ಅಂತೆಲ್ಲ ಇದೆ. ತೆಲುಗಿನಲ್ಲಿ ತಂಗೇಡು. ಚೆನ್ನೈನಲ್ಲಿರುವವರು ಆವಾರಂ ಪೂ ಅಂತ ಕೇಳಿರುತ್ತೀರಿ. ಪೊಂಗಲ್ ಹೊತ್ತಿಗೆ ಬೇವಿನ ಎಲೆಯ ಜೊತೆ ಕಟ್ಟಿ ಮನೆಯ ಸೂರಿಗೆ ಸಿಕ್ಕಿಸುವ ಹಳದಿ ಹೂ ಅದೇ. ಪುಣೆಯ ಸುತ್ತಲಿನ ಒಣ ಗುಡ್ಡಗಳಲ್ಲಿ ಅದು ತರವಡ, ಗುಜರಾತಿನಲ್ಲಿ ಆವಳ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಇರುತ್ತದೆ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಎರಡು ಪುಟ್ಟ ಹಸಿರು ಕಿವಿಗಳಂಥ ಎಲೆಗಳಿರುತ್ತವೆ. ಗಿಡ ಗುರುತಿಸಲು ಅದೇ ಸುಲಭದ ದಾರಿ. ಅದು ನನಗೆ ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು; ಆ ಕತೆ ಮುಂದೆ ಬರುತ್ತದೆ.

ಇದು ನಮ್ಮ ದೇಶದ, ಶ್ರೀಲಂಕಾದ ಒಣನೆಲದ್ದೇ ಗಿಡ. ಒಮ್ಮೆ ಬೇರೂರಿದರೆ ವರ್ಷಾನುಗಟ್ಟಲೆ ಇರುತ್ತದೆ. ಕಲ್ಲು, ಗರಸು, ರಸ್ತೆಯ ಅಂಚು, ರೈಲು ಹಳಿಯ ಪಕ್ಕ, ಎಲ್ಲಿ ಬೇರೆ ಗಿಡ ಬರುವುದಿಲ್ಲವೋ ಅಲ್ಲಿ ಬರುತ್ತದೆ. ನಮ್ಮೂರಲ್ಲಿ ಆಡು ಕುರಿಗಳು ಇದರ ಹತ್ತಿರ ಬಂದು ಮೂಸಿ ಮುಂದೆ ಹೋಗುತ್ತಿದ್ದವು. ಆಡೇ ಬೇಡ ಅಂದ ಮೇಲೆ ಗಿಡಕ್ಕೆ ಬೇಲಿ ಯಾಕೆ, ಅದೇ ಬೇಲಿ. ತೊಗಟೆಯಲ್ಲಿ ಒಗರು ಹೆಚ್ಚು. ಹಿಂದಿನ ಕಾಲದಲ್ಲಿ ತೊಗಲು ಹದ ಮಾಡುವವರಿಗೆ ದಕ್ಷಿಣ ಭಾರತದಲ್ಲೆಲ್ಲ ಇದರ ತೊಗಟೆಯೇ ಆಧಾರವಾಗಿತ್ತು. ಇಂಗ್ಲಿಷಿನಲ್ಲೂ ಇದಕ್ಕೆ ಟ್ಯಾನರ್ಸ್ ಕ್ಯಾಸಿಯಾ ಎಂದೇ ಹೆಸರು. ಮುಂದೆ ಹೊರದೇಶದ ವಾಟಲ್ ತೊಗಟೆ, ಕ್ರೋಮ್ ರಾಸಾಯನಿಕ ಬಂದ ಮೇಲೆ ಆ ಬೇಡಿಕೆ ಹೋಯಿತು. ಸೊಪ್ಪನ್ನು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಯುತ್ತಿದ್ದರು, ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಬಿಸಿಲಲ್ಲಿ ಕಳೆ ತೆಗೆಯಲು ಹೋದಾಗ ಎರಡು ಹಿಡಿ ತಂಗಡಿ ಸೊಪ್ಪು ನೆತ್ತಿಯ ಮೇಲಿಟ್ಟು ಸೆರಗು ಕಟ್ಟಿಕೊಳ್ಳುತ್ತಿದ್ದೆವು ಅಂತ ಅವ್ವ ಹೇಳುತ್ತಾಳೆ.

ಇಷ್ಟು ಗಟ್ಟಿ ಗಿಡವನ್ನು ಮನೆಯಂಗಳದಲ್ಲಿ ಬೆಳೆಸುವುದು ಸುಲಭ ಅಂದುಕೊಂಡೆ. ಮೂರು ವರ್ಷ ಹಿಡಿಯಿತು.

ಸಾಕಲು ಹೋಗಿ ಕೊಂದಿದ್ದು

ಮೊದಲ ಪ್ರಯತ್ನ ಆ ದೀಪಾವಳಿ ಮುಗಿದ ತಿಂಗಳಿನಲ್ಲೇ. ಶಂಕರಪಲ್ಲಿ ಕಡೆ ಹೋದಾಗ ರಸ್ತೆ ಬದಿಯಲ್ಲಿ ಮೊಣಕಾಲೆತ್ತರದ ಗಿಡ ಕಂಡಿತು. ಸಲಿಕೆ ತಂದು ಅಗೆದೆವು. ಒಂದು ಅಡಿ ಅಗೆದರೂ ತಾಯಿಬೇರು ನೇರ ಕೆಳಗೆ ಹೋಗುತ್ತಲೇ ಇತ್ತು. ಕೊನೆಗೆ ಬೇರು ಕತ್ತರಿಸಿಯೇ ಎತ್ತಬೇಕಾಯಿತು. ತಂದು ನೆಟ್ಟು, ಗೊಬ್ಬರ ಹಾಕಿ, ದಿನಕ್ಕೆರಡು ಸಲ ನೀರುಣಿಸಿದೆ. ಹತ್ತು ದಿನಕ್ಕೆ ಒಣಗಿತು. ಆ ತಾಯಿಬೇರಿನಲ್ಲೇ ಅದರ ಜೀವ ಇರುವುದು. ಕಾಡಿನಿಂದ ಕಿತ್ತು ತಂದ ತಂಗಡಿ ಬದುಕುವುದು ಅಪರೂಪ, ನೀವು ಮಾತ್ರ ಆ ಪಾಪ ಮಾಡಬೇಡಿ.

ಎರಡನೆಯ ಸಲ ನರ್ಸರಿಗೆ ಹೋದೆ. ತಂಗೇಡು ಇದೆಯಾ ಅಂದರೆ, "ಇದೆ ಮೇಡಂ, ಹಳದಿ ಹೂ ತಾನೇ" ಅಂತ ಒಂದು ಸಸಿ ಕೊಟ್ಟ. ಚೆನ್ನಾಗಿ ಬೆಳೆಯಿತು. ಮುಂದಿನ ವರ್ಷ ಹೂ ಬಿಟ್ಟಿತು, ಗಂಟೆಯಂಥ ಉದ್ದ ಹೂ! ಅದು ಟಿಕೋಮಾ, ಅಮೆರಿಕ ಖಂಡದಿಂದ ಬಂದ ಗಿಡ. ಎಲೆಯಂಚು ಗರಗಸದಂತೆ, ಬುಡದಲ್ಲಿ ಕಿವಿಯೂ ಇಲ್ಲ. ಸಸಿ ಕೊಳ್ಳುವಾಗಲೇ ಆ ಕಿವಿ ನೋಡಿದ್ದರೆ ಸಾಕಿತ್ತು. ಹಳದಿ ಹೂವಿನ ಹೊರಗಿನ ಗಿಡಗಳು ನಮ್ಮ ಉದ್ಯಾನಗಳಲ್ಲಿ ಎಷ್ಟು ತುಂಬಿವೆ ಎಂದರೆ ನಮ್ಮದು ಯಾವುದು ಎಂಬುದೇ ಮಾರುವವನಿಗೂ ಗೊತ್ತಿರುವುದಿಲ್ಲ. ಇದೇ ಸೆನ್ನಾ ಕುಲದ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಮರವನ್ನು ಚೆಂದಕ್ಕೆಂದು ತಂದು ನೆಟ್ಟಿದ್ದು ಈಗ ಬಂಡೀಪುರ, ವಯನಾಡಿನ ಕಾಡುಗಳಲ್ಲಿ ಕಳೆಯಾಗಿ ಹಬ್ಬಿದೆ. ಅಂಗಳಕ್ಕೆ ತರುವ ಮೊದಲು ಗಿಡದ ಊರು ಯಾವುದೆಂದು ಕೇಳುವುದು ಒಳ್ಳೆಯದು.

ಮೂರನೆಯದು ಬೀಜ. 2021ರ ಫೆಬ್ರುವರಿಯಲ್ಲಿ ಒಣಗಿದ ಕಾಯಿ ಆರಿಸಿ ತಂದೆ. ಚಪ್ಪಟೆ, ಕಾಗದದಂಥ ಕಂದು ಕಾಯಿ, ಒಳಗೆ ಬೀಜ ಸಾಲಾಗಿ ಕೂತಿರುತ್ತದೆ. ಅವ್ವ ನೋಡಿ ನಕ್ಕಳು. "ತಂಗಡಿ ಬೀಜ ಯಾರಾದ್ರೂ ಬಿತ್ತುತ್ತಾರೇನೇ? ಜನ ನಗ್ತಾರೆ." ಜೂನ್‌ನಲ್ಲಿ 30 ಬೀಜ ಊರಿದೆ. ಮೊಳೆತದ್ದು ಎರಡು. ಅವುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಮಳೆಗಾಲದಲ್ಲೂ ನೀರು ಹಾಕಿದೆ, ಎರೆಗೊಬ್ಬರ ಹಾಕಿದೆ. ಬುಡ ಕೊಳೆತು ಎರಡೂ ಹೋದವು. ಅವತ್ತು ಅವ್ವ ಹೇಳಿದ ಮಾತು: "ಅದನ್ನ ಸಾಕಬ್ಯಾಡ ಕಣೇ. ಬಿಟ್ಟುಬಿಡು, ಅದೇ ಬರ್ತದೆ."

ನಾನು ಕೆಲಸ ಮಾಡುವುದು ಒಂದು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ. ಕೆಲವು ಮಾತ್ರೆಗಳ ಮೇಲೆ ಹೊಟ್ಟೆಯಲ್ಲಿ ಕರಗದ, ಕರುಳಿಗೆ ಹೋದ ಮೇಲೆಯೇ ಕರಗುವ ಲೇಪ ಇರುತ್ತದೆ. ಅದು ಸರಿಯಾದ ಹೊತ್ತಿಗೆ ಕರಗುತ್ತದೋ ಇಲ್ಲವೋ ನೋಡುವುದು ನನ್ನ ದಿನನಿತ್ಯದ ಕೆಲಸ. ತಂಗಡಿ ಬೀಜವೂ ಅಂಥದ್ದೇ ಅಂತ ತಿಳಿಯಲು ಇಷ್ಟು ದಿನ ಬೇಕಾಯಿತು. ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಒಂದು ಮಳೆಗೆ ಎಲ್ಲ ಬೀಜ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಸಂತಾನವೇ ಹೋಯಿತು. ಹಾಗಾಗಿ ಒಂದಿಷ್ಟು ಈ ವರ್ಷ, ಒಂದಿಷ್ಟು ಮುಂದಿನ ವರ್ಷ. ಮಳೆಯನ್ನು ನಂಬದ ಊರಿನ ಬುದ್ಧಿ ಅದು, ನಮ್ಮ ಚಳ್ಳಕೆರೆಯವರದ್ದೂ ಅದೇ.

2022ರಲ್ಲಿ ಸರಿಯಾಗಿ ಮಾಡಿದೆ. ಬೇಕಾದವರು ಇದೇ ರೀತಿ ಮಾಡಬಹುದು. ಬೀಜದಲ್ಲಿ ಸಣ್ಣ ತೂತು ಇದ್ದರೆ ಹುಳು ತಿಂದಿದೆ ಅಂತ, ಅವನ್ನು ಎಸೆಯಿರಿ. ಉಳಿದವನ್ನು ಒಂದು ಬಟ್ಟಲಿಗೆ ಹಾಕಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ಬೀಜದ ಮೇಲೆ ಸುರಿಯಿರಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಉಬ್ಬಿದ ಬೀಜ ಬಿತ್ತಲು ಸಿದ್ಧ. ಉಬ್ಬದವಕ್ಕೆ ಇನ್ನೊಮ್ಮೆ ಅದೇ ಸ್ನಾನ. ನೀರನ್ನು ಬೀಜದ ಜೊತೆಗೇ ಕುದಿಸಬೇಡಿ, ಸಾರಾಗುತ್ತದೆ ಅಷ್ಟೇ. ಬೇಕಿದ್ದರೆ ಉಗುರು ಕತ್ತರಿಯಿಂದ ಸಿಪ್ಪೆಯ ಅಂಚನ್ನು ಚೂರೇ ಚೂರು ಗೀರಿದರೂ ನಡೆಯುತ್ತದೆ.

ಆಮೇಲೆ ಮಣ್ಣು. ನಮ್ಮ ಮನೆಯ ಮುಂದೆ ಇರುವುದು 15 ಅಡಿ ಉದ್ದ, 8 ಅಡಿ ಅಗಲದ ತುಂಡು. ಅದಕ್ಕೆ ಕಟ್ಟುವವರು ತುಂಬಿದ್ದು ಎಲ್ಲಿಂದಲೋ ತಂದ ಕಪ್ಪು ಜಿಗಟು ಮಣ್ಣು. ಅದರಲ್ಲಿ ನೀರು ನಿಲ್ಲುತ್ತಿತ್ತು, ಬೇರು ಕೊಳೆತಿದ್ದು ಅದಕ್ಕೇ. ಒಂದು ಮೂಲೆಯಲ್ಲಿ ಎರಡಡಿ ಆಳ ತೋಡಿಸಿ, ಕಟ್ಟಡದ ಕೆಲಸಕ್ಕೆ ತರುವ ಗರಸು (ಇಲ್ಲಿ ಮೊರಂ ಅನ್ನುತ್ತಾರೆ) ಅರ್ಧಕ್ಕರ್ಧ ಬೆರೆಸಿದೆ. ಗೊಬ್ಬರ ಒಂದು ಹಿಡಿಯೂ ಇಲ್ಲ. ದಿನವಿಡೀ ಬಿಸಿಲು ಬೀಳುವ ಮೂಲೆ. ಮೊದಲ ಹದ ಮಳೆ ಆದ ಮೇಲೆ, ಸಸಿ ಮಾಡಿ ಕೀಳುವ ಗೋಜಿಲ್ಲದೆ, ಗಿಡ ಎಲ್ಲಿ ನಿಲ್ಲಬೇಕೋ ಅಲ್ಲೇ ಬೀಜ ಊರಿದೆ. 20 ಬೀಜದಲ್ಲಿ 13 ಮೊಳೆತವು. ನಾಲ್ಕು ಅಡಿಗೆ ಒಂದರಂತೆ ನಾಲ್ಕು ಗಿಡ ಉಳಿಸಿಕೊಂಡೆ.

ಮೊದಲ ಎರಡು ಮೂರು ತಿಂಗಳು ಏನೂ ಆಗದಂತೆ ಕಾಣುತ್ತದೆ. ಗೇಣುದ್ದದ ಕಡ್ಡಿ, ನಾಲ್ಕು ಎಲೆ. ಸತ್ತ ಒಂದು ಸಸಿಯನ್ನು ಕೆದಕಿ ನೋಡಿದರೆ ಮೇಲಿದ್ದಕ್ಕಿಂತ ಕೆಳಗಿನ ಬೇರೇ ಉದ್ದ. ಮಳೆಗಾಲದಲ್ಲಿ ನೀರು ಕೊಡಲಿಲ್ಲ. ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಒಂದು ಚೊಂಬು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಸಂಜೆ. ಅಷ್ಟೇ. 2023ರ ಮಳೆಗಾಲದ ಕೊನೆಗೆ ಎದೆಯೆತ್ತರ ಬಂದು ಮೊದಲ ಗೊಂಚಲು ಬಿಟ್ಟಿತು. ಐದು ಎಸಳು, ಅರಿಶಿನದ ಹಳದಿ, ನರಗಳಲ್ಲಿ ತುಸು ಕಿತ್ತಳೆ. ಅವ್ವ ಒಂದು ಹೂ ಕಿತ್ತು ಮೂಗಿನ ಬಳಿ ಹಿಡಿದು, "ಇದೇ" ಅಂದಳು.

ಟ್ಯಾಂಕರ್ ಬೇಸಿಗೆ

ಗಿಡದ ನಿಜವಾದ ಪರೀಕ್ಷೆ ಆಗಿದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷದ ಮಳೆ ಸಾಲದೆ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದ ವರ್ಷ ಅದು. ಇಲ್ಲಿಯೂ ಕಡಿಮೆ ಇರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ನಮ್ಮ ಬೀದಿಯ ಬೋರ್‌ಗಳು ಒಂದೊಂದಾಗಿ ಕೆಮ್ಮಲು ಶುರುವಾದವು. ಮಂಜೀರಾ ನೀರು (ಈ ಊರಲ್ಲಿ ನಲ್ಲಿ ನೀರಿಗೆ ಈಗಲೂ ಅದೇ ಹೆಸರು) ದಿನ ಬಿಟ್ಟು ದಿನ ಒಂದು ಗಂಟೆ ಬರುತ್ತಿತ್ತು. 5,000 ಲೀಟರ್‌ನ ಟ್ಯಾಂಕರ್‌ಗೆ ಬುಕ್ ಮಾಡಿ ಮೂರು ದಿನ ಕಾಯುತ್ತಿದ್ದೆವು.

ಅಂಗಳದ ಉಳಿದ ಭಾಗಕ್ಕೆ ಮನೆ ಕಟ್ಟುವಾಗಲೇ ಮೆಕ್ಸಿಕನ್ ಲಾನ್ ಹಾಕಿಸಿದ್ದೆವು. ಎಲ್ಲರ ಮನೆ ಮುಂದೆಯೂ ಅದೇ ಇದೆ. ಅದಕ್ಕೆ ಬೇಸಿಗೆಯಲ್ಲಿ ದಿನಾ ಪೈಪು ಹಿಡಿಯಬೇಕು. ಕುಡಿಯುವ ನೀರಿಗೆ ಸಾಲು ನಿಂತಿರುವಾಗ ಹುಲ್ಲಿಗೆ ನೀರು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಏಪ್ರಿಲ್ ಹೊತ್ತಿಗೆ ಲಾನ್ ಒಣಗಿ ಚಾಪೆಯಾಯಿತು. ದಾಸವಾಳ ಬಾಡಿತು. ಪಾತ್ರೆ ತೊಳೆದ ನೀರಿನಲ್ಲಿ ತುಳಸಿಯೊಂದನ್ನು ಉಳಿಸಿಕೊಂಡೆವು. ತಂಗಡಿಗೆ ಆ ಬೇಸಿಗೆ ಪೂರ್ತಿ ಒಂದು ಹನಿ ನೀರು ಕೊಡಲಿಲ್ಲ. ಮೇ ತಿಂಗಳಿನಲ್ಲಿ ಕೆಳಗಿನ ಎಲೆ ಒಂದಿಷ್ಟು ಉದುರಿಸಿತು, ಉಳಿದದ್ದನ್ನು ಮಧ್ಯಾಹ್ನ ಮಡಚಿಕೊಂಡಂತೆ ಕಾಣುತ್ತಿತ್ತು, ಆದರೆ ಹಸಿರಾಗೇ ಇತ್ತು. ನಡುವೆ ಒಂದೆರಡು ಗೊಂಚಲು ಹೂ ಕೂಡ. ಎದುರು ಮನೆಯ ಅಕ್ಕ ಕರೀಂನಗರದ ಕಡೆಯವರು. ಅಷ್ಟು ದಿನ ನೋಡಿಯೂ ನೋಡದಂತಿದ್ದವರು ಒಂದು ದಿನ ಗೇಟು ಹಿಡಿದು ನಿಂತು, "ತಂಗೇಡು ಚೆಟ್ಟು ಇಂಟ್ಲೋನಾ?" ಅಂದರು. ತಂಗಡಿ ಗಿಡವನ್ನು ಯಾರಾದರೂ ಮನೆಯಲ್ಲಿ ಬೆಳೆಸುತ್ತಾರಾ ಎಂಬ ಆಶ್ಚರ್ಯ. ಅವ್ವ ನಕ್ಕಿದ್ದೂ ಅದಕ್ಕೇ ತಾನೆ.

ಲಾನ್ ಇದ್ದ ಜಾಗವನ್ನು ಮತ್ತೆ ಲಾನ್ ಮಾಡಲಿಲ್ಲ.

ಮಳೆ ಬಂದ ಮೇಲೆ ಇನ್ನೊಂದು ರಾದ್ಧಾಂತ. ಜುಲೈನಲ್ಲಿ ಚಿಗುರಿದ ಎಲೆಗಳ ಮೇಲೆಲ್ಲ ಹಸಿರು ಹುಳು, ಮೈಯ ಪಕ್ಕದಲ್ಲಿ ಒಂದು ಬಿಳಿ ಗೆರೆ. ಎರಡು ಗಿಡ ಹತ್ತು ದಿನದಲ್ಲಿ ಬೋಳಾದವು. ನಮ್ಮ ಮನೆಯವರು ಔಷಧಿ ಹೊಡೆಯೋಣ ಅಂತ ಸ್ಪ್ರೇಯರ್ ತಂದರು. ಅವ್ವ ಬಿಡಲಿಲ್ಲ. "ಹೊಲದಾಗೆ ಇದ್ದಾಗ ಯಾರು ಹೊಡೀತಿದ್ರು?" ಎರಡು ವಾರದ ಮೇಲೆ ಅದೇ ಗಿಡದ ಸುತ್ತ ತಿಳಿಹಸಿರು ಮಿಶ್ರಿತ ಬಿಳಿ ಚಿಟ್ಟೆಗಳು ಹಾರಾಡತೊಡಗಿದವು. ಇಂಗ್ಲಿಷಿನಲ್ಲಿ ಅದಕ್ಕೆ ಮಾಟಲ್ಡ್ ಎಮಿಗ್ರಂಟ್ ಅಂತ ಹೆಸರು. ಎಮಿಗ್ರಂಟ್ ಅಂದರೆ ಊರು ಬಿಟ್ಟು ಹೊರಟವನು. ಈ ಅಂಕಣ ಓದುವವರೆಲ್ಲ ಅದರ ನೆಂಟರೇ. ಈ ಚಿಟ್ಟೆ ಮೊಟ್ಟೆ ಇಡುವುದು ತಂಗಡಿ ಜಾತಿಯ ಗಿಡಗಳ ಮೇಲೆ. ಟಿಕೋಮಾದ ಮೇಲೆ ಒಂದು ಹುಳುವನ್ನೂ ನಾನು ಕಂಡಿರಲಿಲ್ಲ, ಒಂದು ಚಿಟ್ಟೆಯನ್ನೂ ಕಂಡಿರಲಿಲ್ಲ. ಬೋಳಾದ ಗಿಡಗಳು ಆಗಸ್ಟ್ ಕೊನೆಗೆ ಮೊದಲಿಗಿಂತ ಒತ್ತಾಗಿ ಚಿಗುರಿದವು.

ಹೂ ಬಿಟ್ಟಾಗ ಬರುವ ಅತಿಥಿ ಬೇರೆ. ಕಪ್ಪಗೆ, ದಪ್ಪಗಿರುವ ಮರದುಂಬಿ. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಉಪ್ಪಿನ ಡಬ್ಬಿಯ ಹಾಗೆ ಮುಚ್ಚಿದ ಕೋಶದಲ್ಲಿ, ತುದಿಗೆ ಮಾತ್ರ ತೂತು. ದುಂಬಿ ಅದನ್ನು ಕಾಲಿನಿಂದ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಆಗ ಹಾರುವಾಗಿನ ಗುಂಯ್‌ಗುಟ್ಟುವಿಕೆಗಿಂತ ಬೇರೆಯದೇ ಚೂಪಾದ ಸದ್ದು ಬರುತ್ತದೆ, ಪರಾಗ ಬುಸ್ಸೆಂದು ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಪಕ್ಕದಲ್ಲಿ ನಿಂತರೆ ಆ ಸದ್ದು ಕಿವಿಗೇ ಕೇಳುತ್ತದೆ. ನನ್ನ ಮಗ ಶಾಲೆಯ ಪ್ರಾಜೆಕ್ಟಿಗೆ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾನೆ.

ಬೆಳಗಿನ ಜಾವದ ಜಗಳ

ಬತುಕಮ್ಮ ಹೂವಿನ ಹಬ್ಬ. ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ. ತಟ್ಟೆಯಲ್ಲಿ ಹೂಗಳನ್ನು ಸುತ್ತು ಸುತ್ತಾಗಿ ಗೋಪುರದಂತೆ ಜೋಡಿಸಿ, ನಡುವೆ ಇಟ್ಟು, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟಿ ಹಾಡುತ್ತಾ ಕುಣಿದು, ಕೊನೆಗೆ ಕೆರೆಗೆ ಬಿಡುತ್ತಾರೆ. ಆ ಗೋಪುರಕ್ಕೆ ಗುನುಗು ಮತ್ತು ತಂಗೇಡು ಇರಲೇಬೇಕು. ಹಬ್ಬದ ಹಿಂದಿನ ದಿನ ಹಳ್ಳಿಗಳಿಂದ ಆಟೋ ತುಂಬ ಹೂ ಬರುತ್ತದೆ. ರಸ್ತೆ ಬದಿಯಲ್ಲಿ ಮಾರುವ ಒಬ್ಬಾಕೆ ಹೇಳಿದ್ದಳು, ಮೊದಲು ಸೈಕಲ್ಲಿನಲ್ಲಿ ಹೋಗಿ ಕೊಯ್ದು ತರುತ್ತಿದ್ದೆವು, ಈಗ ಆಟೋ ಬಾಡಿಗೆಯೇ ಹೂವಿನ ದುಡ್ಡು ತಿನ್ನುತ್ತದೆ ಅಂತ. ಹೂ ಕೊಯ್ದಿದ್ದಕ್ಕೆ ಗಿಡ ಕಡಿಮೆಯಾಗಿದ್ದಲ್ಲ ಅದು. ಬಹುವಾರ್ಷಿಕ ಗಿಡ, ಈ ವರ್ಷ ಕೊಯ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಬುಡವನ್ನೇ ಕೆರೆದು ಕಾಂಕ್ರೀಟು ಸುರಿದರೆ ಯಾವ ವರ್ಷ ಬಿಡಬೇಕು?

2024ರ ಹಬ್ಬದ ಕೊನೆಯ ದಿನ ಬೆಳಿಗ್ಗೆ ಐದಕ್ಕೆ ಅಂಗಳದಲ್ಲಿ ಸದ್ದು. ಎದ್ದು ನೋಡಿದರೆ ಎದುರು ಮನೆಯ ಅಕ್ಕ, ಅವರ ಜೊತೆ ಇನ್ನಿಬ್ಬರು, ನಾಲ್ಕಾರು ಮಕ್ಕಳು, ಕೈಯಲ್ಲಿ ಚೀಲ. ಹಬ್ಬದ ಹೂವಿಗೆ ಯಾರ ಅಂಗಳವಾದರೇನು ಎಂಬ ಹಳ್ಳಿಯ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳು ಕೊಂಬೆಗಳನ್ನೇ ಲಟಲಟ ಮುರಿಯುತ್ತಿದ್ದರು. ತಂಗಡಿ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಒಂದು ಗೊಂಚಲಿನಲ್ಲಿ ಇವತ್ತು ಅರಳಿದ ಹೂವಿನ ಪಕ್ಕದಲ್ಲೇ ಮುಂದಿನ ವಾರದ ಮೊಗ್ಗು, ಅದರಾಚೆ ಇನ್ನೊಂದು ವಾರದ್ದು ಇರುತ್ತದೆ. ತುದಿ ಮುರಿದರೆ ದೀಪಾವಳಿಯ ಹೂವೂ ಹೋಯಿತು.

ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಚಳ್ಳಕೆರೆ ಗಡಿಯೂರು, ತೆಲುಗು ಅಲ್ಲಿ ಎಲ್ಲರಿಗೂ ಬರುತ್ತದೆ. "ಕೊಮ್ಮಲು ವಿರವೊದ್ದು!" ಅಂತ ಅವಳು ಕೂಗಿದ ಪರಿಗೆ ಮೂರು ಮನೆಯ ದೀಪ ಹತ್ತಿಕೊಂಡಿತು. ಕೊಂಬೆ ಮುರಿಯಬೇಡಿ ಅಂದಿದ್ದಷ್ಟೇ, ಆದರೆ ಹಬ್ಬದ ದಿನ ಹೂ ಕೊಡುವುದಿಲ್ಲ ಅಂದಳೆಂದು ಒಬ್ಬರು ತಿಳಿದುಕೊಂಡರು. ಮಾತಿಗೆ ಮಾತು ಬೆಳೆಯಿತು. ನಾನು ನಡುವೆ ನಿಂತು ಎರಡೂ ಕಡೆ ಸಮಾಧಾನ ಮಾಡಲು ಹೋಗಿ ಎರಡೂ ಕಡೆ ಬೈಸಿಕೊಂಡೆ. ಕೊನೆಗೆ ಅವ್ವನೇ ಅಡುಗೆಮನೆಯಿಂದ ಕತ್ತರಿ ತಂದು, ಅರಳಿದ್ದನ್ನು ತೊಟ್ಟಿನ ಬುಡಕ್ಕೆ ಕತ್ತರಿಸಿ, ಮೊಗ್ಗು ಬಿಟ್ಟು, ಒಂದೊಂದಾಗಿ ಅವರ ಚೀಲಕ್ಕೆ ಹಾಕಿ ತೋರಿಸಿದಳು. ಒಂದು ಗಿಡವನ್ನು ಮುಟ್ಟುವ ಹಾಗಿಲ್ಲ, ಅದು ಬೀಜಕ್ಕೆ. ಉಳಿದ ಮೂರರಲ್ಲಿ ಅರಳಿದ್ದೆಲ್ಲ ನಿಮ್ಮದು. ಅವರೂ ಒಪ್ಪಿದರು.

ಸಂಜೆ ಆ ಅಕ್ಕ ಮತ್ತೆ ಬಂದರು, ಅವ್ವನನ್ನು ಕರೆಯಲು. ಅಪ್ಪ ಹೋದಂದಿನಿಂದ ಅವ್ವ ಇಂಥ ಕಡೆ ಮುಂದೆ ಬರುತ್ತಿರಲಿಲ್ಲ. ಐದು ವರ್ಷ ಪಾರ್ಕಿನ ಮೈಕಿನಲ್ಲಿ ಹಾಡು ಕೇಳುತ್ತಿದ್ದರೂ "ನಾನ್ಯಾಕೆ ಬಿಡು" ಅಂತ ಒಳಗೇ ಕೂತಿರುತ್ತಿದ್ದಳು. ಅವತ್ತೂ ಅದನ್ನೇ ಅಂದಳು. "ಹೂ ನಿಮ್ಮ ಮನೆಯದು, ನೀವಿಲ್ಲದೆ ಎತ್ತುವುದು ಹೇಗೆ" ಅಂತ ಅವರು ಕೈ ಹಿಡಿದು ಕರೆದುಕೊಂಡೇ ಹೋದರು. ಅವ್ವ ಕುಣಿಯಲಿಲ್ಲ. ಸುತ್ತಿನ ಹೊರಗೆ ನಿಂತಿದ್ದವಳು ತಟ್ಟೆಯ ಹತ್ತಿರ ಬಗ್ಗಿ ನೋಡಿ, ಗುನುಗು ಹೂವೊಂದನ್ನು ಮುಟ್ಟಿ ನನ್ನನ್ನು ಕರೆದಳು. "ನೋಡೇ, ಇದು ನಮ್ಮ ಅಣ್ಣೆ ಹೂ ಅಲ್ವೇನೇ!"

ಹೌದು, ಅದೇ. ಎಲೆಯನ್ನು ನಾವು ಅಣ್ಣೆ ಸೊಪ್ಪು ಅಂತ ಸಾರು ಮಾಡಿ ಉಣ್ಣುತ್ತೇವೆ. ಇಲ್ಲಿ ಬಣ್ಣ ಅದ್ದಿ ಗೋಪುರಕ್ಕೆ ಜೋಡಿಸಿದ್ದರಿಂದ ನನಗೆ ಗುರುತೇ ಸಿಕ್ಕಿರಲಿಲ್ಲ. ನಮ್ಮೂರಲ್ಲಿ ಸಗಣಿ ಗುಪ್ಪೆಯ ನೆತ್ತಿಗೇರುವ ಅದೇ ಎರಡು ಹೂ ಇಲ್ಲಿ ಬತುಕಮ್ಮನ ಮೈಯಾಗಿವೆ. ಹತ್ತು ವರ್ಷ ನೋಡಿದ್ದೆ, ಒಮ್ಮೆಯೂ ಹೊಳೆದಿರಲಿಲ್ಲ. ಆ ವರ್ಷದ ದೀಪಾವಳಿಗೆ ಅವ್ವ ಕೇಳಿದ್ದಕ್ಕಿಂತ ಹೆಚ್ಚೇ ಹೂ ಇತ್ತು. ಅವಳು ಎಣಿಸಿ ನಾಲ್ಕೇ ಕಿತ್ತಳು.

ಫ್ಲ್ಯಾಟಿನಲ್ಲಿ ಇರುವವರು ಕೇಳುತ್ತೀರಿ, ನಮಗೇನು ದಾರಿ ಅಂತ. ಟೆರೇಸಿನಲ್ಲಿ ಪೂರ್ತಿ ಬಿಸಿಲಿದ್ದರೆ 20 ಲೀಟರ್‌ನ ಪೇಂಟ್ ಡಬ್ಬಿಯ ತಳಕ್ಕೆ ಎಂಟು ಹತ್ತು ತೂತು ಹೊಡೆದು, ಗರಸು ಬೆರೆಸಿದ ಕೆಂಪು ಮಣ್ಣು ತುಂಬಿ ಬೀಜ ಹಾಕಿ. ಎದೆಯೆತ್ತರ ಬರುವುದಿಲ್ಲ, ಮೊಣಕಾಲೆತ್ತರ ಬಂದು ಹೂ ಬಿಡುತ್ತದೆ. ನೆಲದಲ್ಲಿದ್ದಂತೆ ಬೇರಿಗೆ ದೂರ ಹೋಗಲು ಜಾಗವಿಲ್ಲದ್ದರಿಂದ ಬೇಸಿಗೆಯಲ್ಲಿ ವಾರಕ್ಕೊಂದೆರಡು ಸಲ ನೀರು ಬೇಕು. ಬಾಲ್ಕನಿಯ ಅರೆ ನೆರಳಿನಲ್ಲಿ ಪ್ರಯತ್ನಿಸಬೇಡಿ, ಬಡಕಲಾಗಿ ಬೆಳೆದು ಬೇಸರ ತರಿಸುತ್ತದೆ. ಮುಂಬೈನ ಮಳೆಗೂ ಇದಕ್ಕೂ ಆಗಿಬರುವುದಿಲ್ಲ. ಪುಣೆ, ಚೆನ್ನೈ, ಹೈದರಾಬಾದಿನವರಿಗೆ ಇದು ಊರಿನದೇ ಗಿಡ, ಧೈರ್ಯವಾಗಿ ಹಾಕಿ. ಕಾಯಿ ಒಣಗಿ ಬೀಜ ತೆಗೆದುಕೊಂಡ ಮೇಲೆ ಫೆಬ್ರುವರಿ ಕೊನೆಗೆ ಮೊಣಕಾಲ ಮಟ್ಟಕ್ಕೆ ಕತ್ತರಿಸಿದರೆ ಗಿಡ ಪೊದೆಯಾಗುತ್ತದೆ. ತೊಗಟೆಯ ಕಾಲದಲ್ಲಿ ಕಡಿದು ಕಡಿದೂ ಚಿಗುರಿದ ಜಾತಿ ಇದು, ಕತ್ತರಿಗೆ ಹೆದರುವುದಿಲ್ಲ. ಒಣ ಹೂವಿನ ಚಹಾ ಸಕ್ಕರೆ ಕಾಯಿಲೆಗೆ ರಾಮಬಾಣ ಅಂತ ಪ್ಯಾಕೆಟ್ಟಿನಲ್ಲಿ ಮಾರುತ್ತಾರಲ್ಲ, ಅದರ ಬಗ್ಗೆ ಔಷಧ ಕಂಪನಿಯವಳಾಗಿ ಒಂದೇ ಮಾತು: ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಕಳೆದ ಜೂನ್‌ನಲ್ಲಿ ಅವ್ವ ಹೊಲ ನೋಡಲು ಊರಿಗೆ ಹೋದಳು. ಹೋಗುವ ಮೊದಲು ಆ ಮುಟ್ಟದ ಗಿಡದ ಬೀಜವನ್ನೆಲ್ಲ ಹಳೆಯ ಲಗ್ನಪತ್ರಿಕೆಯ ಕವರುಗಳಲ್ಲಿ ಹಾಕಿ ಬೀದಿಯ ಒಂಬತ್ತು ಮನೆಗೆ ಹಂಚಿದಳು. ಬಿಸಿನೀರಿನ ಪಾಠವನ್ನೂ ಅವಳೇ ಮಾಡಿದಳು, ಬಿತ್ತಿದರೆ ಜನ ನಗುತ್ತಾರೆ ಅಂದಿದ್ದವಳು. ಪಾರ್ಕಿನ ಹಿಂಬದಿಯ ಕಾಂಪೌಂಡಿನ ಉದ್ದಕ್ಕೂ ಬಿತ್ತಲು ಅಸೋಸಿಯೇಷನ್ನಿನ ಅನುಮತಿ ಕೇಳಿದೆ. ಆ ಕಡೆಗೆ ನೀರಿನ ಪೈಪು ಎಳೆಯುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದರು. ಪೈಪು ಯಾರಿಗೆ ಬೇಕು.

ಅಲ್ಲಿ ಈಗ 11 ಗಿಡ ಎದ್ದಿವೆ, ಇನ್ನೂ ಗೇಣುದ್ದ. ಅವ್ವ ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಮಗನ ಓದು, ಶೇಂಗಾ ರೇಟು ಎಲ್ಲ ಆದ ಮೇಲೆ ಕೊನೆಗೆ ಕೇಳುತ್ತಾಳೆ, "ನೀರು ಗೀರು ಹಾಕಿದ್ಯೇನೇ?"

"ಇಲ್ಲವ್ವ."

"ಹ್ಞಾಂ, ಹಂಗೇ ಇರ್ಲಿ."